ಎರವಲು ಬೆಂಚಿನ ಶಾಲೆ

ಮೇಷ್ಟ್ರು ಬೆಳಿಗ್ಗೆ ಸೋಪು ತರಲು ಅಂಗಡಿಗೆ ಹೋದವರು ಸೋಪು ತಂದು ಸುಮ್ಮನಿರಬಾರದೇ? "ಇವತ್ತು ಮಧ್ಯಾಹ್ನ ಕಂಪನಿಯವರು ಬರ್ತಾರೆ. ತೀರಾ ಹಾಳಾಗಿರೋ ಒಂದು ಶಾಲೆ ಆರಿಸಿ ಹೊಸದು ಮಾಡಿಸ್ತಾರಂತೆ," ಎಂದು ಖುಷಿಯಲ್ಲಿ ಬಾಯಿಬಿಟ್ಟರು.

ಹಾಳಾಗಿರುವುದರಲ್ಲಿ ಮೇಷ್ಟ್ರ ಶಾಲೆಯನ್ನು ಮೀರಿಸುವ ಶಾಲೆಯೇ ಇರಲಿಲ್ಲ. ಹೆಂಚಿನ ಸೂರಿನ ತೂತಿನಿಂದ ಮಳೆ ನೇರವಾಗಿ ಮೂರನೇ ತರಗತಿಗೆ ಹಾಜರಾಗುತ್ತಿತ್ತು. ಮೋಡ ಕಂಡರೆ ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಒಂದು ಗಟ್ಟಿ ಸೂರು ಸಿಕ್ಕರೆ ಸಾಕೆಂದು ಮೇಷ್ಟ್ರು ಎಷ್ಟೋ ವರ್ಷದಿಂದ ಕಾಯುತ್ತಿದ್ದರು.

ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರಲ್ಲ, ಹಾಗಾಯಿತು. ಅಂಗಡಿಯವರು ಶಾಲಾ ಸಮಿತಿಯ ಅಧ್ಯಕ್ಷರೂ ಆಗಿದ್ದರು.

"ಬಂದೋರಿಗೆ ಹರಕು ಚಾಪೆ ತೋರಿಸ್ತೀರೇನ್ರೀ? ಊರಿನ ಮಾನ ಏನಾಗ್ಬೇಕು!"

"ಅಯ್ಯೋ, ಹರಕು ನೋಡೋಕೇ ಅವ್ರು ಬರೋದು!"

"ನೀವು ಸುಮ್ನಿರಿ ಮೇಷ್ಟ್ರೇ. ನಾವಿಲ್ವಾ?"

ಇದ್ದರು. ಅದೇ ತೊಂದರೆ.

ಮೇಷ್ಟ್ರು ಶಾಲೆ ಮುಟ್ಟುವಷ್ಟರಲ್ಲಿ ಬಡಗಿ ಮುರಿದ ಬಾಗಿಲನ್ನು ನೆಟ್ಟಗೆ ನಿಲ್ಲಿಸಿದ್ದ. ದರ್ಜಿಯ ಹೆಂಡತಿ ಕಿಟಕಿಗೆ ಪರದೆ ಕಟ್ಟುತ್ತಿದ್ದಳು. ಮೇಷ್ಟ್ರು ಬಿಚ್ಚಿದಂತೆಲ್ಲ, "ಇದಕ್ಯಾಕಣ್ಣಾ ಸಂಕೋಚ?" ಎಂದು ಮತ್ತೆ ಕಟ್ಟಿದಳು. ಅಷ್ಟರಲ್ಲಿ ಅಂಗಡಿಯವರ ಟ್ರ್ಯಾಕ್ಟರ್ ಬಂತು. ಅದರ ತುಂಬ ಬೆಂಚು, ಕರಿಹಲಗೆ, ಸೂರಿಗೆ ಹೊದಿಸಲು ತಗಡು!

"ಪಕ್ಕದೂರಿನ ಶಾಲೆಯಿಂದ ಎರವಲು ತಂದೆ. ಅಲ್ಲಿನ ಹೆಡ್‌ಮೇಷ್ಟ್ರು ಅಪ್ಪಟ ಬಂಗಾರ ಕಣ್ರೀ! ನಾನು ಕೇಳಿದ್ದು ಬೆಂಚು. ತಗಡೂ ಕೊಟ್ಟು, 'ಇನ್ನೇನು ಬೇಕು, ಸಂಕೋಚಪಡಬೇಡಿ' ಅಂದ್ರು!"

ಮಧ್ಯಾಹ್ನ ಕಂಪನಿಯ ಮೇಡಂ ಬಂದರು. ಮದುವೆಮನೆಯಂತಿದ್ದ ಶಾಲೆ ನೋಡಿ ಬೆರಗಾದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಮೇಡಂ, ಇದ್ಯಾವುದೂ ನಮ್ಮದಲ್ಲ. ಇದೆಲ್ಲ ಎರ..." ಅನ್ನುವಷ್ಟರಲ್ಲಿ ಅಂಗಡಿಯವರು ಮೇಷ್ಟ್ರ ಕಾಲು ತುಳಿದರು.

"ನಿಜ, ಎಲ್ಲ ಮಕ್ಕಳದು," ಎಂದ ಮೇಡಂ ಕಣ್ಣು ಒರೆಸಿಕೊಂಡರು. "ಇಂಥ ಮೇಷ್ಟ್ರಿರೋ ಶಾಲೆಗೆ ನಮ್ಮ ಸಹಾಯ ಯಾಕೆ ಬೇಕು?"

ಊರವರು ಚಪ್ಪಾಳೆ ತಟ್ಟಿದರು. ಕಾರು ಧೂಳೆಬ್ಬಿಸಿಕೊಂಡು ಪಕ್ಕದೂರಿನ ದಾರಿ ಹಿಡಿಯಿತು. ಮೇಷ್ಟ್ರಿಗೆ ಅಳುವೇ ಬಂತು.

ಸಂಜೆ ಪಕ್ಕದೂರಿನ ಹೆಡ್‌ಮೇಷ್ಟ್ರು ಖುದ್ದಾಗಿ ಬಂದು ಇವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ಮೇಷ್ಟ್ರೇ! ಮೇಡಂ ಇಲ್ಲಿಂದ ನೇರ ನಮ್ಮಲ್ಲಿಗೆ ಬಂದ್ರು. ನೋಡಿದ್ರೆ ಬೆಂಚಿಲ್ಲ, ಹಲಗೆಯಿಲ್ಲ, ತಲೆ ಮೇಲೆ ತಗಡೇ ಇಲ್ಲ! ನಿಂತಲ್ಲೇ ಮಂಜೂರು ಮಾಡಿಬಿಟ್ರು!"

ಮೇಷ್ಟ್ರು ಆದರೂ ಆಸೆ ಬಿಡಲಿಲ್ಲ. "ಹಾಗಾದ್ರೆ... ಈ ಹಳೇ ತಗಡು ನಿಮಗಿನ್ನು ಬೇಡ್ವಲ್ಲ?"

"ಛೆ ಛೆ, ಹೊಸದು ಬರೋವರೆಗೆ ಬೇಕಲ್ಲ! ಏಣಿ ಎಲ್ಲಿದೆ?"

ತಗಡಿನ ಮೊಳೆ ಕಿತ್ತ ರಭಸಕ್ಕೆ ಅಕ್ಕಪಕ್ಕದ ಹೆಂಚುಗಳೂ ಜಾರಿಬಿದ್ದವು. ಈಗ ನಾಲ್ಕನೇ ತರಗತಿಯಿಂದಲೂ ಆಕಾಶ ಕಾಣುತ್ತಿತ್ತು. ಮೋಡ ದಟ್ಟವಾಗಿತ್ತು.

ಅಂಗಡಿಯವರು ಮೇಷ್ಟ್ರ ಬೆನ್ನು ತಟ್ಟಿದರು. "ಏನೇ ಹೇಳಿ, ಊರಿನ ಮಾನ ಉಳೀತು!"