ಮೂವತ್ತು ದಿನ ಉಚಿತ

ಕಾಲವನ್ನು ಹಿಂದಕ್ಕೆ ತಿರುಗಿಸಿದ ಮನುಷ್ಯ ಜಗತ್ತಿನಲ್ಲಿ ಒಬ್ಬನೇ. ಅವನು ನಮ್ಮ ಹೊಳಪಣ್ಣ. ಇದು ಶುದ್ಧ ಸುಳ್ಳು. ಅವನು ತಿರುಗಿಸಿದ್ದು ಕಂಪ್ಯೂಟರಿನ ತಾರೀಖನ್ನು ಮಾತ್ರ, ಅದೂ ಎರಡೇ ಕ್ಲಿಕ್ಕಿನಲ್ಲಿ. ಮಿಕ್ಕಿದ್ದನ್ನೆಲ್ಲ ಕಚೇರಿ ನಿಯಮಾನುಸಾರ ತಾನೇ ಮಾಡಿಕೊಂಡಿತು.

ಅದು ಸೂಚನಾ ಫಲಕಗಳ ಕಚೇರಿ. 'ಸಾಲಿನಲ್ಲಿ ನಿಲ್ಲಿ', 'ಲಿಫ್ಟ್ ಕೆಟ್ಟಿದೆ', 'ಊಟದ ವಿರಾಮ' ಎಂಬ ಫಲಕಗಳನ್ನು ಉಳಿದೆಲ್ಲ ಕಚೇರಿಗಳಿಗೆ ಮಾಡಿಕೊಡುವುದು ಅದರ ಘನ ಉದ್ದೇಶ. ಹೊಳಪಣ್ಣ ಅಲ್ಲಿ ಹಂಗಾಮಿ ಡಿಸೈನರ್. ಮುಂದಿನ ತಿಂಗಳ ಒಂದನೇ ತಾರೀಖಿಗೆ ಮೂರು ವರ್ಷ ತುಂಬಿ ಅವನ ನೌಕರಿ ಕಾಯಂ ಆಗಬೇಕಿತ್ತು. ಹೆಂಡತಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಿಂದ ಎಷ್ಟು ಸಲ ಸುತ್ತು ಹಾಕಿದ್ದಳೆಂದರೆ, ಅಲ್ಲಿ ಕಾಗದವೇ ತೂತಾಗಿತ್ತು.

ಅಷ್ಟರೊಳಗೆ ಸಾಹೇಬರ ಕಣ್ಣಿಗೆ ಬೀಳಬೇಕಲ್ಲ? ಅದಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, ಒಂದನೇ ತಾರೀಖು, ಹೊಳಪಣ್ಣ ತನ್ನ ಫೋಟೊ ತಿದ್ದುವ ತಂತ್ರಾಂಶಕ್ಕೆ ಪ್ಲಗಿನ್ ಎಂಬ ಒಂದು ಬಾಲಂಗೋಚಿ ಇಳಿಸಿಕೊಂಡ. ಅದು ಅಕ್ಷರಗಳಿಗೆ ಚಿನ್ನ ಬಳಿಯುತ್ತಿತ್ತು, ಬೆಂಕಿ ಹಚ್ಚುತ್ತಿತ್ತು, ಮಂಜು ಸುರಿಸುತ್ತಿತ್ತು. ಮೂವತ್ತು ದಿನ ಉಚಿತ. ಮೊದಲ ಪ್ರಯೋಗವಾಗಿ 'ಶೌಚಾಲಯ ದುರಸ್ತಿಯಲ್ಲಿದೆ' ಎಂದು ಚಿನ್ನದಲ್ಲಿ ಬರೆದು, ಹಿಂದುಗಡೆ ಒಂದು ಸೂರ್ಯೋದಯ ಇಟ್ಟ.

ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು.

"ಏನಯ್ಯಾ ಇದು! ಇದನ್ನ ನೋಡ್ತಿದ್ರೆ ದುರಸ್ತಿ ಮುಗಿಯೋದೇ ಬೇಡ ಅನ್ಸುತ್ತೆ."

"ಕೆಳಗೆ ನಿಮ್ಮ ಹೆಸರಿಗೂ ಸ್ವಲ್ಪ ಹೊಳಪು ಕೊಟ್ಟಿದೀನಿ ಸಾರ್."

"ಸ್ವಲ್ಪ ಯಾಕೆ?" ಎಂದರು ಸಾಹೇಬರು.

ಅಂದೇ ಸುತ್ತೋಲೆ ಹೊರಟಿತು: 'ಇನ್ನು ಮುಂದೆ ಚಿನ್ನವಿಲ್ಲದ ಅಕ್ಷರವನ್ನು ಈ ಕಚೇರಿಯು ಅಕ್ಷರವೆಂದು ಪರಿಗಣಿಸತಕ್ಕದ್ದಲ್ಲ. ವೈದ್ಯಕೀಯ ರಜೆಗೆ ಮಾತ್ರ ವಿನಾಯಿತಿ.' ಹೀಗಾಗಿ ಚಿನ್ನದ ಬದಲು ಜ್ವರ ಬಂದವರ ಅರ್ಜಿಗೆ ಬೆಂಕಿ, ನೆಗಡಿಯವರದಕ್ಕೆ ಮಂಜು ಎಂದು ಹೊಳಪಣ್ಣ ವಿಂಗಡಿಸಿದ. ಅವನ ಮೇಜಿನ ಮುಂದೆ ಸಾಲು ನಿಂತಿತು. 'ಸಾಲಿನಲ್ಲಿ ನಿಲ್ಲಿ' ಫಲಕ ಮೊದಲ ಬಾರಿಗೆ ಕಚೇರಿಯೊಳಗೇ ಉಪಯೋಗಕ್ಕೆ ಬಂತು.

ಪ್ಲಗಿನ್ ಖರೀದಿಗೆ ಕಡತ ಹೋಯಿತು. 'ವಸ್ತುವಿನ ತೂಕ ನಮೂದಿಸಿಲ್ಲ' ಎಂಬ ಆಕ್ಷೇಪಣೆಯೊಂದಿಗೆ ವಾಪಸು ಬಂತು. ಹೊಳಪಣ್ಣ 'ಶೂನ್ಯ' ಎಂದು ಬರೆದ. 'ಶೂನ್ಯ ತೂಕದ ವಸ್ತುವನ್ನು ಉಗ್ರಾಣಕ್ಕೆ ತೆಗೆದುಕೊಳ್ಳಲು ಅವಕಾಶವಿಲ್ಲ' ಎಂದು ಉತ್ತರ ಬರುವಷ್ಟರಲ್ಲಿ ಮೂವತ್ತು ದಿನ ಕಳೆದೇ ಹೋಗಿತ್ತು.

ಕೆಂಪು ಸುತ್ತಿನ ದಿನ ಬಂತು. ಹೊಳಪಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕಾಯಂ ಆದೇಶ ಸಿದ್ಧವಿತ್ತು. ನಿಯಮದ ಪ್ರಕಾರ ಅದಕ್ಕೆ ಚಿನ್ನ ಬಳಿದು ಮುದ್ರಿಸಬೇಕಿತ್ತು, ಅಷ್ಟೇ. ಕಂಪ್ಯೂಟರ್ ತೆರೆದರೆ ಪರದೆಯ ಮೇಲೆ: 'ಅವಧಿ ಮುಗಿದಿದೆ.'

ಹೊಳಪಣ್ಣನ ತಲೆ ಓಡಿತು. ಕಂಪ್ಯೂಟರಿನ ತಾರೀಖನ್ನು ಹೋದ ತಿಂಗಳ ಒಂದಕ್ಕೆ ಸರಿಸಿ, ಪ್ಲಗಿನ್ ಹೊಸದಾಗಿ ಹಾಕಿದ. ಅದು 'ಸುಸ್ವಾಗತ, ಮೂವತ್ತು ದಿನ ಉಚಿತ' ಎಂದು ನಕ್ಕಿತು. ಆದೇಶ ಫಳಫಳ ಹೊಳೆಯುತ್ತ ಹೊರಬಂತು.

ಟಪಾಲು ವಿಭಾಗದ ಅಕ್ಕ ಅದನ್ನು ಬೆಳಕಿಗೆ ಹಿಡಿದು ಓದಿದರು.

"ತಾರೀಖು ಹೋದ ತಿಂಗಳದ್ದು ಬಿದ್ದಿದೆಯಲ್ಲೋ."

"ಅದು ಮಷೀನ್ ತಾನೇ ಹಾಕ್ಕೊಳ್ಳುತ್ತಕ್ಕಾ. ಗೋಡೆ ಮೇಲೆ ಕ್ಯಾಲೆಂಡರ್ ಇಲ್ವಾ, ನೋಡಿ."

"ಕ್ಯಾಲೆಂಡರಲ್ಲಿ ಚಿನ್ನ ಇಲ್ಲ. ಸುತ್ತೋಲೆ ಪ್ರಕಾರ ಅದರಲ್ಲಿ ಏನೂ ಬರೆದಿಲ್ಲ ಅಂತಾನೇ ಅರ್ಥ. ಈ ಆದೇಶದಲ್ಲಿ ಚಿನ್ನ ಇದೆ. ಅಂದ್ಮೇಲೆ ಇವತ್ತು ಹೋದ ತಿಂಗಳ ಒಂದನೇ ತಾರೀಖು. ನಿನಗೆ ಮೂರು ವರ್ಷ ತುಂಬೋಕೆ ಇನ್ನೂ ತಿಂಗಳಿದೆ, ತಮ್ಮಾ."

ವಿಷಯ ಸಾಹೇಬರ ಮುಂದೆ ಹೋಯಿತು. ಗೋಡೆಯ ಕ್ಯಾಲೆಂಡರಿನ ಪ್ರಕಾರ ಅಂದು ಶುರುವಾಗಿದ್ದ ತಿಂಗಳ ಕೊನೆಗೆ ಸಾಹೇಬರಿಗೆ ನಿವೃತ್ತಿ. ಅವರು ಬೆರಳು ಮಡಿಚಿ ಉಳಿದ ದಿನಗಳನ್ನು ಎಣಿಸಿದರು.

"ಈ ತಾರೀಖನ್ನ ಎಷ್ಟು ಸಲ ಹೀಗೆ ಹಿಂದಕ್ಕೆ ತಗೋಬಹುದಯ್ಯಾ?"

"ಎಷ್ಟು ಸಲ ಬೇಕಾದ್ರೂ ಸಾರ್! ಅದರಲ್ಲೇ ಇರೋದು ಕೈಚಳಕ!" ಎಂದುಬಿಟ್ಟ ಹೊಳಪಣ್ಣ. ಕೆಲಸ ಬಲ್ಲವನಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ.

ಸುತ್ತೋಲೆ ಸಂಖ್ಯೆ ಎರಡು: 'ಮೂವತ್ತನೇ ತಾರೀಖಿನ ಮರುದಿನವನ್ನು ಅದೇ ತಿಂಗಳ ಒಂದನೇ ತಾರೀಖೆಂದು ಪರಿಗಣಿಸತಕ್ಕದ್ದು. ಪ್ಲಗಿನ್ ಖರೀದಿಯಾಗುವವರೆಗೆ ಮುಂದಿನ ತಿಂಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ.'

ಯಾರೂ ವಿರೋಧಿಸಲಿಲ್ಲ. ಕಾಯಂ ನೌಕರರಿಗೆ ಸಂಬಳ ಇಪ್ಪತ್ತೆಂಟಕ್ಕೆ. ಇಪ್ಪತ್ತೆಂಟು ತಪ್ಪದೆ ಬರುತ್ತಲೇ ಇತ್ತು. ಟಪಾಲು ಅಕ್ಕನ ವರ್ಗಾವಣೆ ಮುಂದಿನ ತಿಂಗಳಿತ್ತು, ಅದೂ ತಪ್ಪಿತು. ಹೊಳಪಣ್ಣ ಪ್ರತಿ ಒಂದನೇ ತಾರೀಖು ಪ್ಲಗಿನ್ ಹೊಸದಾಗಿ ಹಾಕಿ, ಸಾಹೇಬರ ಗೋಡೆಯ ಫೋಟೊದಲ್ಲಿ ಕೂದಲಿಗೆ ಕಪ್ಪು ಹಚ್ಚಿ, ಕೆನ್ನೆಯ ಸುಕ್ಕು ತೆಗೆದು, ತನ್ನ ಕಾಯಂ ಆದೇಶವನ್ನು ಮತ್ತೆ ಡ್ರಾಯರಿನಲ್ಲಿ ಇಡುತ್ತಿದ್ದ.

ಮನೆಯಲ್ಲಿ ಹೆಂಡತಿ ಮೊದಮೊದಲು ರೇಗಿದಳು. "ಕಂಡೋರ ಅಕ್ಷರಕ್ಕೆಲ್ಲ ಚಿನ್ನ ಬಳಿತೀರಿ, ನನ್ನ ಕಿವಿ ಕಡೆ ಒಂದ್ಸಲ ತಿರುಗಿ ನೋಡಿದೀರಾ?" ಆಮೇಲೆ ಏನೋ ಹೊಳೆದು, ಸುತ್ತೋಲೆಯನ್ನು ಇಸಿದುಕೊಂಡು ಎರಡು ಸಲ ಓದಿದಳು.

"ರೀ, ಮುಂದಿನ ತಿಂಗಳು ನನಗೆ ನಲವತ್ತಾಗ್ತಿತ್ತು. ಇದು ಮನೆಗೂ ಅನ್ವಯಿಸುತ್ತಾ?"

"ಅನ್ವಯಿಸುತ್ತೆ," ಎಂದ ಹೊಳಪಣ್ಣ. ಅವಳು ಎದ್ದು ಕ್ಯಾಲೆಂಡರಿನ ತೂತಿಗೆ ಕಾಗದದ ತೇಪೆ ಅಂಟಿಸಿದಳು. ಮನೆಯಲ್ಲೂ ಶಾಂತಿ ನೆಲೆಸಿತು.

ಈಗ ನಡೆಯುತ್ತಿರುವುದು ಅದೇ ತಿಂಗಳು, ಹನ್ನೊಂದನೇ ಸಲ. ಎಲ್ಲರೂ ಕ್ಷೇಮ. ಹಂಗಾಮಿ ನೌಕರರ ಸಂಬಳ ಮಾತ್ರ ಮುಂದಿನ ತಿಂಗಳ ಒಂದನೇ ತಾರೀಖಿಗೆ ಆಗುವುದು ಪದ್ಧತಿ. ಹಂಗಾಮಿ ಅಂತ ಇರುವವನು ಹೊಳಪಣ್ಣ ಒಬ್ಬನೇ ಆದ್ದರಿಂದ ಇದನ್ನು ದೊಡ್ಡ ಸಮಸ್ಯೆ ಎಂದು ಯಾರೂ ಪರಿಗಣಿಸಿಲ್ಲ. ಸುತ್ತೋಲೆಗೆ ಚಿನ್ನ ಬಳಿದವನೂ ಅವನೇ.

ಇಷ್ಟು ಹೊತ್ತು ನನ್ನ ಕಥೆಯನ್ನೇ ಯಾರದ್ದೋ ಅನ್ನೋ ಹಾಗೆ ಹೇಳಿದೆ. ನೀವೂ ಪಾಪ, ಗೊತ್ತಾಗದವರ ಹಾಗೆ ಕೇಳಿದಿರಿ. ನಮ್ಮ ಸುತ್ತೋಲೆ ಈ ಟೀ ಅಂಗಡಿಯವನಿಗೆ ಇನ್ನೂ ತಲುಪಿದ ಹಾಗಿಲ್ಲ, ಗೋಡೆ ಮೇಲೆ ಯಾವುದೋ ಬೇರೆ ತಿಂಗಳು ತೂಗುಹಾಕಿದ್ದಾನೆ. ಮುಂದಿನ ತಿಂಗಳ ಒಂದನೇ ತಾರೀಖು ಸಂಬಳ ಬಂದಕೂಡಲೇ ನಿಮ್ಮ ದುಡ್ಡು ವಾಪಸು ಕೊಡ್ತೀನಿ. ಸದ್ಯಕ್ಕೆ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.