ಕುಂಕುಮ ತಿನ್ನುವ ಗೋಡೆ

ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುವವನ ಮನೆಗೆ ಬಂದ ನೆಂಟರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಮುಖ. ಡಾಕ್ಟರಿಗೆ ನೆಗಡಿಯಾದರೆ ಜನ ನಗುವುದಿಲ್ಲವೇ, ಹಾಗೆ. ನಾನು ಪೀಣ್ಯದ ಒಂದು ಸಣ್ಣ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಬಳಿದ ಬಣ್ಣ ಬಿಸಿಲು ಮಳೆಗೆ ಎಷ್ಟು ಕಾಲ ನಿಲ್ಲುತ್ತದೆಂದು ನೋಡುತ್ತಾ ಕೂರುವುದು ನನ್ನ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರೆಂದು ನಮ್ಮ ಮಾವನವರು ಇವತ್ತಿಗೂ ನಂಬಿಲ್ಲ.

ನಾವಿರುವುದು ಜಾಲಹಳ್ಳಿಯಲ್ಲಿ, ಬಾಡಿಗೆ ಮನೆಯ ಮಹಡಿ ಮೇಲೆ; ಬಂದು ಎರಡು ವರ್ಷವೂ ಆಗಿಲ್ಲ. ಕೆಳಗೆ ಓನರ್ ಮರಿಯಪ್ಪನವರು ಮತ್ತು ಅವರ ಹೆಂಡತಿ ಪುಟ್ಟಮ್ಮ. ಈ ಬೀದಿ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿಯವರು. ಬೆಂಗಳೂರಿನಲ್ಲಿ ಒಳ್ಳೆಯ ಓನರ್ ಸಿಗಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು. ಇವರು ನೀರು ಬಿಡುವಾಗ ಗೊಣಗುವುದಿಲ್ಲ, ಮೊಳೆ ಹೊಡೆದ ಸದ್ದು ಕೇಳಿ ಮೇಲೆ ಓಡಿ ಬರುವುದಿಲ್ಲ. ನಮ್ಮ ಐದು ವರ್ಷದ ಮಗಳು ಚಿನ್ನಿ ಸ್ಕೂಲಿನಿಂದ ಬಂದವಳೇ ಪುಟ್ಟಮ್ಮನ ಅಡುಗೆಮನೆ ಸೇರುತ್ತಾಳೆ. ನನ್ನ ಹೆಂಡತಿ ಸುಮಾ ಈ ಮನೆ ಬಿಡುವ ಮಾತೆತ್ತಿದರೆ ನನ್ನನ್ನೇ ಬಿಡುತ್ತೇನೆ ಎನ್ನುತ್ತಾಳೆ. ಅಂಥ ಮನೆಯನ್ನು ನಾನು ಒಂದು ಡಬ್ಬ ಬಣ್ಣಕ್ಕೆ ಕಳೆದುಕೊಳ್ಳುವುದರಲ್ಲಿದ್ದೆ.

ಆಗ ನಮ್ಮ ಲ್ಯಾಬಿನಲ್ಲೆಲ್ಲ ತನ್ನನ್ನು ತಾನೇ ತೊಳೆದುಕೊಳ್ಳುವ ಬಣ್ಣದ್ದೇ ಮಾತು. ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡಿನಲ್ಲಿ ಒಂದು ಜಾತಿಯಿದೆ, ಬಿಸಿಲು ಬಿದ್ದರೆ ಅದಕ್ಕೆ ಹಸಿವಾಗುತ್ತದೆ. ಗೋಡೆಗೆ ಅಂಟಿದ ಹೊಗೆ, ಜಿಡ್ಡು, ಪಾಚಿ ಎಲ್ಲವನ್ನೂ ತಿನ್ನುತ್ತದೆ. ಉಳಿದದ್ದನ್ನು ಮಳೆ ತೊಳೆಯುತ್ತದೆ. ಪ್ರಯೋಗಕ್ಕೊಂದು ನಿಜವಾದ ಗೋಡೆ ಬೇಕೆಂದು ಮ್ಯಾನೇಜರು ಹುಡುಕುತ್ತಿದ್ದರು. ಮರಿಯಪ್ಪನವರು ಮುಂಬಾಗಿಲ ಗೋಡೆಗೆ ಬಣ್ಣ ಹೊಡೆಸುವ ಮಾತಾಡಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಎಲ್ಲ ಕೇಳಿ ಅವರು, “ಅಂಗಾದ್ರೆ ಗೋಡೆ ಮೇಲೆ ಕೋಳಿ ಸಾಕ್ದಂಗೆ ಅನ್ನಿ,” ಎಂದರು. ನಮ್ಮ ಸೇಲ್ಸ್‌ನವರು ಇಷ್ಟು ಚೆನ್ನಾಗಿ ಎಂದೂ ವಿವರಿಸಿರಲಿಲ್ಲ.

ಗೋಡೆಗೆ ನಮ್ಮ ಬಣ್ಣ ಬಿದ್ದ ಮೇಲೆ ಗೌರಿ ಹಬ್ಬ ಬಂತು. ಬಾಗಿಲ ಎರಡೂ ಪಕ್ಕದ ಗೋಡೆಗೆ ಅಂಗೈ ಅಗಲ ಅರಿಶಿನ ಬಳಿದು, ನಡುವೆ ಕುಂಕುಮ ಇಡುವುದು ಆ ಮನೆಯ ಪದ್ಧತಿ. ಒಮ್ಮೆ ಇಟ್ಟರೆ ಮುಂದಿನ ಹಬ್ಬದ ತನಕ ಇರಬೇಕು. ಪೂರ್ವದ ಬಿಸಿಲು ನೇರ ಬೀಳುವ ಗೋಡೆ ಅದು. ವಾರ ಕಳೆಯುವುದರೊಳಗೆ ಅರಿಶಿನವೂ ಇಲ್ಲ, ಕುಂಕುಮವೂ ಇಲ್ಲ. ಪುಟ್ಟಮ್ಮ ಮತ್ತೆ ಇಟ್ಟರು, ಮತ್ತೆ ಹೋಯಿತು. ನಾನು ಹೆಮ್ಮೆಯಿಂದ ಮ್ಯಾನೇಜರಿಗೆ ಫೋನ್ ಮಾಡಿ, ಗೋಡೆ ಚೆನ್ನಾಗಿ ಉಣ್ಣುತ್ತಿದೆ ಎಂದು ವರದಿ ಒಪ್ಪಿಸಿದೆ. ಸುಮಾ ಮಾತ್ರ, “ಇಷ್ಟೆಲ್ಲ ಕಲಿಸಿದ್ದೀರಂತೆ, ಕೊಳೆ ಯಾವುದು ಕುಂಕುಮ ಯಾವುದು ಅಂತ ಕಲಿಸ್ಲಿಲ್ವಾ ಅದಕ್ಕೆ?” ಎಂದಳು.

ಆ ಭಾನುವಾರ ಮರಿಯಪ್ಪನವರು ಮಹಡಿ ಹತ್ತಿ ಬಂದರು. “ಬೇಜಾರ್ ಮಾಡ್ಕಬೇಡಿ ಸಾರ್. ಬಾಗ್ಲಲ್ಲಿ ಕುಂಕುಮ ನಿಲ್ತಾ ಇಲ್ಲ ಅಂದ್ರೆ ಲಕ್ಷ್ಮಿ ಮನೆ ಬಿಟ್ಟು ಒಂಟವ್ಳೆ ಅಂತ ಅರ್ಥ. ಶಾಸ್ತ್ರ ಏಳೋರು ಕೇಳುದ್ರು, ಮನೆಗೆ ಒಸಬ್ರು ಯಾರಾದ್ರೂ ಬಂದವ್ರಾ ಅಂತ. ನೀವು ಬೇರೆ ಮನೆ ನೋಡ್ಕಳಿ.” ನಾನು ಬಿಸಿಲು, ಹಸಿವು, ಟೈಟಾನಿಯಂ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಬಿಸ್ಲು ಎಲ್ರ ಮನೆ ಮೇಲೂ ಬೀಳ್ತದೆ ಸಾರ್,” ಎಂದು ಇಳಿದು ಹೋದರು. ಸುಮಾ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ತಟ್ಟೆ ಕುಕ್ಕುವ ಸದ್ದಿನಲ್ಲೇ ಹೇಳತೊಡಗಿದಳು. ನನಗೂ ಮನೆ ಹುಡುಕಲು ಹೊರಟರೆ ಕಾಲು ಮುಂದೆ ಬರುತ್ತಿರಲಿಲ್ಲ.

ಇತ್ತ ಗೋಡೆ ಸುಮ್ಮನಿರಲಿಲ್ಲ. ಬೆಂಕಿಗೆ ಒಲೆ ಯಾವುದು ಸೂರು ಯಾವುದು ಎಂಬ ಭೇದವಿಲ್ಲವಷ್ಟೆ. ನಮ್ಮ ಬಣ್ಣ ಕೊಳೆಯ ಜೊತೆಗೆ ತನ್ನನ್ನು ಹಿಡಿದಿಟ್ಟ ಅಂಟನ್ನೂ ತಿನ್ನತೊಡಗಿತು. ಒಂದು ಬೆಳಿಗ್ಗೆ ಮರಿಯಪ್ಪನವರು ಗೋಡೆಗೊರಗಿ ಕಾಫಿ ಕುಡಿದು ಎದ್ದರೆ ನೀಲಿ ಅಂಗಿಯ ಬೆನ್ನೆಲ್ಲ ಬೆಳ್ಳಗೆ. ನಾನು ಮೇಲಿನಿಂದ ನೋಡುತ್ತಿದ್ದೆ. ಪುಟ್ಟಮ್ಮ ಹೊರಬಂದು ಅಂಗೈಯಿಂದ ಗೋಡೆ ಸವರಿದರು, ಪುಡಿ ನೋಡಿದರು, ತಲೆಯೆತ್ತಿ ನನ್ನನ್ನೂ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು: “ಇಲ್ ನೋಡಿ, ವಿಬೂತಿ! ಕುಂಕುಮ ತಕ್ಕಂಡು ವಿಬೂತಿ ಕೊಡ್ತಾವ್ನೆ ಶಿವ! ಮೇಲ್ಗಡೆಯೋರ ಕಾಲ್ಗುಣ ಕಣ್ರೀ ಇದು!” ಮರಿಯಪ್ಪನವರು ಹೊರಳಿ ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದರು.

ನನಗೆ ತಡೆಯಲಾಗಲಿಲ್ಲ. ಮರಿಯಪ್ಪನವರು ದೀಪ ಹಚ್ಚಲು ಒಳಗೆ ಹೋದಾಗ ಇಳಿದು ಬಂದು, “ಅಮ್ಮಾ, ಅದು ವಿಭೂತಿ ಅಲ್ಲ, ಬಣ್ಣ ಉದುರ್ತಾ ಇರೋದು,” ಎಂದೆ.

“ಸುಮ್ಕಿರಪ್ಪ. ಸುಣ್ಣದ ಗೋಡೆ ಮನೇಲಿ ಬೆಳ್ದೋಳಿಗೆ ಗೊತ್ತಾಗಲ್ವಾ?” ಪುಟ್ಟಮ್ಮ ದನಿ ತಗ್ಗಿಸಿದರು. “ಚಿನ್ನಿ ಇಲ್ದೆ ಸಂಜೆ ಒತ್ತು ನಾನೇನ್ ಮಾಡ್ಲಿ?”

ಮೇಲೆ ಹೋಗಿ ಸುಮಾಗೆ ಹೇಳಿದರೆ ಅವಳು ಅಳುತ್ತಾ ನಕ್ಕಳು. ಅಂದಿನಿಂದ ತಟ್ಟೆ ಮೆಲ್ಲಗೆ ಬರುತ್ತಿದೆ.

ಈಗ ಆ ಗೋಡೆಗೆ ಯಾರೂ ಬ್ರಷ್ ತಾಗಿಸುವಂತಿಲ್ಲ. ದಿನಾ ನಾನು ಕೆಲಸಕ್ಕೆ ಹೊರಡುವಾಗ ಮರಿಯಪ್ಪನವರು ಗೋಡೆ ಸವರಿ ನನ್ನ ಹಣೆಗೆ ಮೂರು ಬೆರಳು ಎಳೆದು ಕಳಿಸುತ್ತಾರೆ. ಮೊನ್ನೆ ಲ್ಯಾಬಿನಲ್ಲಿ ಮ್ಯಾನೇಜರು ನನ್ನನ್ನು ನೋಡಿ, “ಏನ್ರೀ, ಇತ್ತೀಚೆಗೆ ಭಕ್ತಿ ಜಾಸ್ತಿ ಆದಂಗಿದೆ?” ಎಂದು ನಕ್ಕರು. “ಅಂದ ಹಾಗೆ ಆ ಬಣ್ಣ ಇನ್ನೂ ನಿಂತಿದೆಯಾ?”

“ನಿಂತಿದೆ ಸಾರ್,” ಎಂದೆ. ಎಲ್ಲಿ ಎಂದು ಅವರು ಕೇಳಲಿಲ್ಲ. ನಾನೂ ಹಣೆ ಮುಟ್ಟಿಕೊಳ್ಳಲಿಲ್ಲ.