ಬ್ಲಾಕ್‌ಚೈನ್ ಮತ್ತು ಮೊದಲ ಚಿಟಿಕೆ

ನಮ್ಮ ಸೋದರಮಾವ ಪಶು ಆಹಾರ ತಿನ್ನುತ್ತಾರೆ. ನಗಬೇಡಿ, ಇದು ಗಡಿನಾಡಿನ ನಮ್ಮ ಪನಮರಂ ಸುತ್ತಮುತ್ತ ಎಲ್ಲರಿಗೂ ಗೊತ್ತು! ಹೊಸ ಮೂಟೆ ಬಿಚ್ಚಿದರೆ ಮೊದಲ ಚಿಟಿಕೆ ಅವರ ಬಾಯಿಗೆ, ಆಮೇಲೆ ಹಸುವಿಗೆ. ಕಣ್ಣು ಮುಚ್ಚಿ ಅಗಿದು, "ಜೋಳ ಹಳೇದು, ಕಾಕಂಬಿ ಜಾಸ್ತಿ" ಎಂದು ಊರಿಗೆಲ್ಲ ಕೇಳುವಂತೆ ತೀರ್ಪು ಕೊಡುತ್ತಾರೆ. ಅತ್ತೆಯ ಸಾರಿಗೆ ಈ ಭಾಗ್ಯ ಎಂದಾದರೂ ಸಿಕ್ಕಿದೆಯೇ? ಹಿಂದೊಮ್ಮೆ ಬೂಷ್ಟು ಹಿಡಿದ ಹಿಂಡಿ ತಿಂದು ಅವರ ಗಬ್ಬದ ಹಸು ಸತ್ತಿತ್ತು. ಅಂದಿನಿಂದ ಈ ವ್ರತ.

ನಾನು ಹಾಲು ಅಳೆಯುವ ಸೊಸೈಟಿಗೆ ಬ್ಲಾಕ್‌ಚೈನ್ ಬಂದಾಗ, ಸಭೆಗೆ ಮಾವನನ್ನು ಕರೆದ ತಪ್ಪು ನನ್ನದೇ. ನಮ್ಮಲ್ಲಿ ಬ್ಲಾಕ್ ಎಂದರೆ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುವುದು. ಮಾವ ಎದ್ದೇಬಿಟ್ಟರು.

"ಸಾರೇ, ಮುತ್ತಂಗ ಚೆಕ್‌ಪೋಸ್ಟಲ್ಲಿ ಈಗ್ಲೇ ದಿನಾ ಬ್ಲಾಕು. ಅದ್ಕೆ ಚೈನ್ ಬೇರೆ ಬಿಗುದ್ರೆ ದನ ತಿನ್ನೋ ತೀಟ್ಟದ ಲಾರಿ ಯಾವಾಗ ಬತ್ತದೆ?"

ಮೈಸೂರು ಕಡೆಯ ಗಿರಣಿಯಿಂದ ಬಂದಿದ್ದ ಸಾಹೇಬರು ತಾಳ್ಮೆಯಿಂದ ವಿವರಿಸಿದರು. ಜೋಳ ಬೆಳೆದವರು, ಬೀಸಿದವರು, ಪರೀಕ್ಷೆ ಮಾಡಿದವರು ಎಲ್ಲರೂ ಬರೆದಿಡುತ್ತಾರೆ. ಮೂಟೆಯ ಮೇಲಿನ ಕೋಡಿಗೆ ಫೋನು ಹಿಡಿದರೆ ಅದರ ಜಾತಕವೆಲ್ಲ ಕಾಣುತ್ತದೆ; ಪರೀಕ್ಷೆಯಲ್ಲಿ ಪಾಸಾದ ಮೂಟೆಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಬರೆದದ್ದನ್ನು ಯಾರೂ ಅಳಿಸಲಾಗದು.

"ಬರ್ದೋನೇ ಸುಳ್ಳು ಬರುದ್ರೆ?"

"ಅದೂ ಅಳಿಯೋದಿಲ್ಲ."

"ಹಂಗಾರೆ ಸುಳ್ಗೂ ಒಂದು ತಾರಸಿ ಮನೆ ಕಟ್ಕೊಟ್ರಿ ಅನ್ನಿ!"

ಸಾಹೇಬರು ಚಹಾ ಕುಡಿಯತೊಡಗಿದರು.

ಇಷ್ಟೆಲ್ಲ ಆಡಿದವರು, ಆಮೇಲೆ ಮೂಟೆ ಬಂದಾಗಲೆಲ್ಲ ನನ್ನನ್ನೇ ಕೂಗತೊಡಗಿದರು: "ಫೋನು ಏನಂತದೆ ನೋಡವ್ವ." ಹಸಿರು ಬಂದರೆ ಒಂದು ಚಿಟಿಕೆ ಅಗಿದು, "ಹೂಂ, ಸರಿಯಾಗೇ ಹೇಳ್ತದೆ" ಎಂದು ಫೋನಿಗೆ ಅಂಕ ಕೊಡುವರು. ಇದನ್ನು ಸೊಸೈಟಿಯಲ್ಲಿ ಅಭಿನಯಿಸಿ ತೋರಿಸಿ ನಾನು ಎಲ್ಲರನ್ನೂ ನಗಿಸುತ್ತಿದ್ದೆ.

ಮೊನ್ನೆ ನಾನು ಹೋಗುವುದು ತಡವಾಯಿತು. ಹಸು ಕೂಗುತ್ತಿತ್ತು, ಅದಕ್ಕೂ ಈಗ ಎಂಟು ತಿಂಗಳ ಗಬ್ಬ. ಮಾವ ಆಗಲೇ ಅಗಿದು, "ಫಸ್ಟ್ ಕ್ಲಾಸ್!" ಎಂದು ಬಕೆಟ್ಟು ಇಡುತ್ತಿದ್ದರು. ಕೊಟ್ಟಿಗೆಯ ಬಾಗಿಲಲ್ಲೇ ನನ್ನ ಮೂಗಿಗೆ ಬೂಷ್ಟಿನ ವಾಸನೆ ಬಡಿಯಿತು. ಫೋನು ಹಿಡಿದೆ. ಕೆಂಪು! ಓಡಿ ಬಕೆಟ್ಟು ಎಳೆದುಕೊಂಡೆ.

"ಮಾವ, ನಿಮಗೆ ಗೊತ್ತಾಗಲಿಲ್ವಾ?"

ಅವರು ಹಸುವಿನ ಬೆನ್ನು ಸವರಿದರು. "ಆ ಕೊರೋನಾ ಜ್ವರ ಬಂದೋದ್ಮೇಲೆ ನಾಲ್ಗೆಗೆ ರುಚಿ ಇಲ್ಲ ಕನವ್ವ. ವಾಸ್ನೆನೂ ಇಲ್ಲ. ಅದ್ಕೇ ನಿನ್ನ ಕರೀತಿದ್ದೆ."

"ಮತ್ತೆ ಅಗಿಯೋದು ಯಾಕೆ?"

"ನಾ ಬಾಯಿಗೆ ಹಾಕ್ದೆ ಇವ್ಳು ಮುಟ್ಟಲ್ಲ."

ನಾನು ನಗಿಸಿದ್ದೆಲ್ಲ ನೆನಪಾಗಿ ಅಳು ಬಂತು.

ಈಗ ಫೋನು ಹಸಿರಾದ ಮೇಲೂ ಮಾವನ ಜೊತೆ ನಾನೂ ಒಂದು ಚಿಟಿಕೆ ಅಗಿಯುತ್ತೇನೆ. ಕಾಕಂಬಿ ಜಾಸ್ತಿಯೆನಿಸಿದರೆ ಅವರ ಕಿವಿಯಲ್ಲಿ ಮೆಲ್ಲಗೆ ಹೇಳುತ್ತೇನೆ. ತೀರ್ಪನ್ನು ಮಾತ್ರ ಊರಿಗೆಲ್ಲ ಕೇಳುವಂತೆ ಅವರೇ ಕೊಡುತ್ತಾರೆ.